ಕರೆಂಟಿಲ್ಲದ ಸೈಟಿಗೆ ಪವರ್ ಬಾಕ್ಸ್: ಇಲ್ಲಿಯವರೆಗೆ ಆದ ಕೆಲಸ

ಗುರಿ ಇಷ್ಟೇ. 850 ವ್ಯಾಟ್ ಗ್ರೈಂಡರ್, 800 ವ್ಯಾಟ್ ಹ್ಯಾಮರ್ ಡ್ರಿಲ್, 1,200 ವ್ಯಾಟ್ ಟೈಲ್ಸ್ ಕಟರ್. ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನು ಜನರೇಟರ್ ಇಲ್ಲದೆ, ಬ್ಯಾಟರಿ-ಇನ್ವರ್ಟರ್ ಪೆಟ್ಟಿಗೆಯಿಂದ ಓಡಿಸಬೇಕು. ಪೆಟ್ಟಿಗೆಯನ್ನು ಇಬ್ಬರು ಎತ್ತುವಂತಿರಬೇಕು.

ಹಂತ 1: ವೋಲ್ಟೇಜ್

12 ವೋಲ್ಟ್ ಯೋಚನೆಯನ್ನು ಲೆಕ್ಕ ಹಾಕಿದ ಕೂಡಲೇ ಕೈಬಿಡಲಾಯಿತು. ಹೊರಗೆ 2,000 ವ್ಯಾಟ್ ಬರಬೇಕಾದರೆ, ಇನ್ವರ್ಟರ್ ದಕ್ಷತೆ ಶೇ 90 ಎಂದಿಟ್ಟುಕೊಂಡರೂ ಬ್ಯಾಟರಿ 2,220 ವ್ಯಾಟ್ ಕೊಡಬೇಕು. ಅದು 12 ವೋಲ್ಟಿನಲ್ಲಿ 185 ಆಂಪ್, 24ರಲ್ಲಿ 93 ಆಂಪ್. ಕರೆಂಟ್ ಅರ್ಧವಾದರೆ ಅದೇ ಕೇಬಲ್‌ನಲ್ಲಿ ಬಿಸಿಯಾಗಿ ಪೋಲಾಗುವುದು ಕಾಲು ಭಾಗ ಮಾತ್ರ.

ಹೀಗಾಗಿ 3.2 ವೋಲ್ಟ್, 100 ಆಂಪ್-ಅವರ್‌ನ ಎಂಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸೀರೀಸ್‌ನಲ್ಲಿ: 25.6 ವೋಲ್ಟ್, 2,560 ವ್ಯಾಟ್-ಅವರ್. ಬಿಎಂಎಸ್ (ಸೆಲ್‌ಗಳನ್ನು ಕಾಯ್ದು, ಮಿತಿ ಮೀರಿದರೆ ಕಡಿಯುವ ಬೋರ್ಡ್) 150 ಆಂಪ್, ಕೇಬಲ್ 35 ಚದರ ಮಿಮೀ ತಾಮ್ರ, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 125 ಆಂಪ್ ಕ್ಲಾಸ್-ಟಿ ಫ್ಯೂಸ್ (ಭಾರೀ ಶಾರ್ಟ್ ಕರೆಂಟನ್ನೂ ಕಡಿಯಬಲ್ಲದ್ದು). ಇನ್ವರ್ಟರ್ 2,000 ವ್ಯಾಟ್ ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನಂಥ ನಯವಾದ ಅಲೆ ಕೊಡುವುದು).

ಹಂತ 2: ಸೆಲ್ ಸಮ ಮಾಡುವುದು

ಎಂಟನ್ನೂ ಪ್ಯಾರಲಲ್‌ನಲ್ಲಿ ಜೋಡಿಸಿ, ಪವರ್ ಸಪ್ಲೈಯನ್ನು ಮೊದಲೇ 3.65 ವೋಲ್ಟಿಗೆ ಸೆಟ್ ಮಾಡಿ, ಕರೆಂಟ್ 4-5 ಆಂಪಿಗೆ ಇಳಿಯುವವರೆಗೆ ಬಿಡಲಾಯಿತು. ಇದಕ್ಕೆ ದಿನಗಳೇ ಹಿಡಿಯುತ್ತವೆ. ಬೇಗ ಮುಗಿಸಲೆಂದು ವೋಲ್ಟೇಜ್ ಏರಿಸಿದರೆ ಕೊನೆಯ ಗಳಿಗೆಯಲ್ಲಿ ಸೆಲ್ ಉಬ್ಬುತ್ತದೆ.

ಹಂತ 3: ಜಾಯಿಂಟ್‌ಗಳು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡಿದ್ದು ಇದೇ. ಟೈಲ್ಸ್ ಕಟರ್ ಪೂರ್ತಿ ಲೋಡಿನಲ್ಲಿ ಓಡುವಾಗ ಬ್ಯಾಟರಿಯಿಂದ ಸುಮಾರು 52 ಆಂಪ್ ಹರಿಯುತ್ತದೆ. ಆಗ ಮಲ್ಟಿಮೀಟರನ್ನು ಮಿಲಿವೋಲ್ಟಿಗಿಟ್ಟು, ಒಂದು ಮೊನೆ ಸೆಲ್ ಟರ್ಮಿನಲ್ ಮೇಲೆ, ಇನ್ನೊಂದು ಬಸ್‌ಬಾರ್ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ಮೇಲೆ. ಉಳಿದೆಲ್ಲ ಜಾಯಿಂಟ್ 2-3 ಮಿಲಿವೋಲ್ಟ್ ತೋರಿಸಿದರೆ ಒಂದೇ ಒಂದು 40 ತೋರಿಸಿತು. ಅಂದರೆ ಒಂದು ಬೋಲ್ಟಿನ ಕೆಳಗೆ ಎರಡು ವ್ಯಾಟ್ ಬಿಸಿ. ಬಿಚ್ಚಿದಾಗ ಬಸ್‌ಬಾರಿಗೂ ಟರ್ಮಿನಲ್‌ಗೂ ಮಧ್ಯೆ ಸ್ಟೀಲ್ ವಾಷರ್! ವಾಷರ್ ಯಾವತ್ತೂ ನಟ್ಟಿನ ಕೆಳಗೇ ಇರಬೇಕು. ಕರೆಂಟ್ ಹರಿಯುವ ದಾರಿಯಲ್ಲಿ ತಾಮ್ರ-ಅಲ್ಯೂಮಿನಿಯಂ ಬಿಟ್ಟು ಬೇರೇನೂ ಬರಕೂಡದು. ಟರ್ಮಿನಲ್ ಮುಖವನ್ನು ಸಣ್ಣ ಎಮರಿ ಹಾಳೆಯಿಂದ ಉಜ್ಜಿ, ಪುಡಿ ಒರೆಸಿ, ಸೆಲ್ ತಯಾರಕರು ಹೇಳಿದ ಟಾರ್ಕಿಗೆ ಬಿಗಿದ ಮೇಲೆ 3 ಮಿಲಿವೋಲ್ಟಿಗೆ ಇಳಿಯಿತು.

ಹಂತ 4: ಮೊದಲ ಅರ್ಧ ಸೆಕೆಂಡ್

ಬಾಕ್ಸ್ ಕೈಕೊಡುವುದು ಹೆಚ್ಚಾಗಿ ಬ್ಯಾಟರಿ ಖಾಲಿಯಾಗಿ ಅಲ್ಲ, ಈ ಅರ್ಧ ಸೆಕೆಂಡಿನಲ್ಲಿ. ಒಂದನೆಯದು ಇನ್ವರ್ಟರ್ ಜೋಡಿಸುವ ಕ್ಷಣ. ಅದರೊಳಗಿನ ಖಾಲಿ ಕೆಪಾಸಿಟರ್‌ಗಳು ಶಾರ್ಟ್ ಸರ್ಕ್ಯೂಟಿನಂತೆ ಎಳೆಯುತ್ತವೆ; ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡುತ್ತದೆ, ಇಲ್ಲವೇ ಬಿಎಂಎಸ್ ಶಾರ್ಟ್ ಎಂದು ತಿಳಿದು ಕಡಿದುಬಿಡುತ್ತದೆ. ಮುಖ್ಯ ಸ್ವಿಚ್ಚಿಗೆ ಅಡ್ಡಲಾಗಿ ಒಂದು ಪುಶ್ ಬಟನ್ ಮತ್ತು 47 ಓಮ್, 25 ವ್ಯಾಟ್ ರೆಸಿಸ್ಟರ್ ಹಾಕಿ ಇದನ್ನು ಸರಿಪಡಿಸಲಾಗಿದೆ. ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು, ನಂತರ ಮುಖ್ಯ ಸ್ವಿಚ್. ಈ ಹೊತ್ತಿನಲ್ಲಿ ಇನ್ವರ್ಟರಿನ ಸ್ವಂತ ಸ್ವಿಚ್ ಆಫ್ ಇರಬೇಕು.

ಎರಡನೆಯದು ಟೂಲಿನ ಟ್ರಿಗರ್. ಸಾಫ್ಟ್ ಸ್ಟಾರ್ಟ್ (ನಿಧಾನವಾಗಿ ವೇಗ ಏರಿಸುವ ವ್ಯವಸ್ಥೆ) ಇಲ್ಲದ ಗ್ರೈಂಡರ್ ಶುರುವಿನಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರಿನ ಪೀಕ್ ಸಂಖ್ಯೆ ಮಾತ್ರ ನೋಡಿದರೆ ಸಾಲದು, ಅದು ಎಷ್ಟು ಹೊತ್ತು ತಡೆಯುತ್ತದೆ ಎಂದೂ ನೋಡಬೇಕು. ಬಿಎಂಎಸ್‌ನ ಓವರ್‌ಕರೆಂಟ್ ವಿಳಂಬವೂ ಹಾಗೆಯೇ. ಡಿಸ್ಕನ್ನು ಕೆಲಸದಿಂದ ಎತ್ತಿ ಹಿಡಿದು, ವೇಗ ಹತ್ತಿದ ಮೇಲೆ ತಾಗಿಸುವ ಅಭ್ಯಾಸ ಬಹಳ ನೆರವಾಗುತ್ತದೆ.

ಹಂತ 5: ಹೊರಗಿನ ವೈರ್, ಅರ್ತಿಂಗ್

ಎಕ್ಸ್‌ಟೆನ್ಶನ್ 30 ಮೀಟರ್, 2.5 ಚದರ ಮಿಮೀ: ಹೋಗಿ ಬರುವ ರೆಸಿಸ್ಟೆನ್ಸ್ 0.42 ಓಮ್. 1 ಚದರ ಮಿಮೀ ಹಾಕಿದ್ದರೆ 1.05 ಓಮ್ ಆಗಿ, 25 ಆಂಪ್ ಸ್ಟಾರ್ಟಿಂಗಿನಲ್ಲಿ 26 ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು. ಡ್ರಮ್ಮಿನಲ್ಲಿ ಸುತ್ತಿಟ್ಟೇ ಬಳಸಬೇಡಿ, ಪೂರ್ತಿ ಬಿಚ್ಚಿ. ಒಳಸುತ್ತಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) 30 ಮಿಲಿಆಂಪ್‌ನದು. ಇಲ್ಲೊಂದು ಅಪಾಯಕಾರಿ ತಪ್ಪು ತಿಳಿವಳಿಕೆ ಇದೆ: ಟೆಸ್ಟ್ ಬಟನ್ ಕೆಲಸ ಮಾಡಿದರೆ ರಕ್ಷಣೆಯೂ ಇದೆ ಎಂದುಕೊಳ್ಳುವುದು. ಇನ್ವರ್ಟರ್ ಔಟ್‌ಪುಟ್‌ನಲ್ಲಿ ನ್ಯೂಟ್ರಲ್-ಅರ್ತ್ ಜೋಡಣೆ ಇಲ್ಲದಿದ್ದರೂ ಟೆಸ್ಟ್ ಬಟನ್ ಒತ್ತಿದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ, ಏಕೆಂದರೆ ಆ ಬಟನ್ ಫೇಸ್-ನ್ಯೂಟ್ರಲ್ ನಡುವೆಯೇ ಸೋರಿಕೆ ಸೃಷ್ಟಿಸುತ್ತದೆ. ಆದರೆ ಟೂಲಿನ ಲೋಹದ ಮೈಗೆ ಫೇಸ್ ತಾಗಿದಾಗ ಅದು ಸುಮ್ಮನಿರಬಹುದು. ಜೋಡಣೆ ಮಾಡಬಹುದೇ ಎಂಬುದನ್ನು ಇನ್ವರ್ಟರ್ ಮ್ಯಾನುವಲ್ ನೋಡಿಯೇ ತೀರ್ಮಾನಿಸಬೇಕು. ಕೆಲವು ಮಾಡೆಲ್‌ಗಳು ಅದರಿಂದ ಸುಟ್ಟೇ ಹೋಗುತ್ತವೆ. ಈ ಬಾಕ್ಸಿನ ಮಾಡೆಲ್ ಒಪ್ಪುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಣೆ ಮಾಡಿಸಿ, ಆರ್‌ಸಿಸಿಬಿ ಟೆಸ್ಟರಿನಿಂದ ಪ್ಲಗ್ಗಿನ ಬಳಿಯೇ ಪರೀಕ್ಷಿಸಿ ಆಗಿದೆ.

ಸದ್ಯದ ಸ್ಥಿತಿ

ಶೇ 10 ಉಳಿಸಿ, ಇನ್ವರ್ಟರ್ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 2,070 ವ್ಯಾಟ್-ಅವರ್: ಗ್ರೈಂಡರ್ ಬಿಡದೆ ಓಡಿದರೆ ಎರಡೂವರೆ ಗಂಟೆಗೆ ತುಸು ಕಡಿಮೆ. ಸುಮ್ಮನೆ ಆನ್ ಇಟ್ಟರೆ ಇನ್ವರ್ಟರ್ ತಾನೇ 20 ವ್ಯಾಟ್ ತಿನ್ನುತ್ತದೆ, ಹತ್ತು ಗಂಟೆಗೆ 200.

ಬಾಕಿ ಎರಡು ಕೆಲಸ. ವೋಲ್ಟೇಜ್ ನೋಡಿ ಚಾರ್ಜ್ ಅಂದಾಜಿಸಲಾಗದು, ಮಧ್ಯದಲ್ಲಿ ಅದು ಬಹುಪಾಲು ಕದಲುವುದೇ ಇಲ್ಲ; ಶಂಟ್ ಮೀಟರ್ (ಬ್ಯಾಟರಿಗೆ ಹೋಗಿಬರುವ ಕರೆಂಟನ್ನು ಲೆಕ್ಕವಿಡುವುದು) ಹಾಕಬೇಕು. ಫ್ಯಾನ್ ಬಾಯಿಗೆ ತೊಳೆಯಬಹುದಾದ ಫೋಮ್ ಫಿಲ್ಟರ್ ಕೂರಿಸಬೇಕು, ಗ್ರೈಂಡರಿನ ಕಬ್ಬಿಣದ ಪುಡಿ ಇನ್ವರ್ಟರ್ ಬೋರ್ಡ್ ಮೇಲೆ ಕೂತರೆ ಶಾರ್ಟ್ ಖಚಿತ. ಅಲ್ಲಿಯವರೆಗೆ ಬಾಕ್ಸ್ ಕಿಡಿ ಹಾರುವ ದಿಕ್ಕಿನ ಹಿಂಬದಿಯಲ್ಲಿ, ಕನಿಷ್ಠ ಐದು ಮೀಟರ್ ದೂರದಲ್ಲಿ.