ಅಷ್ಟು ದೊಡ್ಡ ಸ್ಟೇಷನ್, ಯಾಕೆ ಮುಚ್ಚಿದ್ರು?

ನಮ್ಮ ನಡುಮನೆಯಲ್ಲಿ ಒಂದು ಹಳೇ ವಾಲ್ವ್ ರೇಡಿಯೋ ಇದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಸಾಮಾನೆಲ್ಲ ಗೇಟಿನ ಮುಂದೆ ಇಟ್ಟು ಮಾರುತ್ತಿದ್ದರು. 15 ಡಾಲರ್ ಕೊಟ್ಟು ಹೊತ್ತುಕೊಂಡು ಬಂದೆ. ಅದರ ಡಯಲಿನ ಗಾಜಿನ ಮೇಲೆ, 60 ದಾಟಿ 70 ಬರುವುದರೊಳಗೆ (ಈ ಡಯಲಿನಲ್ಲಿ ನಂಬರಿನ ಕೊನೆಯ ಸೊನ್ನೆ ಬರೆದಿಲ್ಲ), ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ ಇದೆ. ಹಿಂದಿನ ಮನೆಯವರು ಯಾರೋ ಇಟ್ಟಿದ್ದು.

ಮನೆಗೆ ಬಂದವರ ಕಣ್ಣು ಮೊದಲು ಬೀಳುವುದು ಆ ಚುಕ್ಕೆ ಮೇಲೆ. ಏನಿದು ಅಂತಾರೆ. 660, ಅಂದರೆ ನ್ಯೂಯಾರ್ಕಿನ ಡಬ್ಲ್ಯೂಎನ್‌ಬಿಸಿ ರೇಡಿಯೋ ಸ್ಟೇಷನ್ ಇದ್ದ ಜಾಗ, ಅಮೆರಿಕದ ರೇಡಿಯೋ ವ್ಯಾಪಾರವೇ ಶುರುವಾಗಿದ್ದು ಅಲ್ಲಿಂದ, 1988ರಲ್ಲಿ ಮುಚ್ಚಿತು ಅನ್ನುತ್ತೇನೆ. ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ. "ಅಷ್ಟು ದೊಡ್ಡ ಸ್ಟೇಷನ್ ಅಂತೀರಿ, ಮತ್ತೆ ಯಾಕೆ ಮುಚ್ಚಿದ್ರು? ಲಾಸಾ?"

ಬೆಂಗಳೂರಿನವರಾದರೆ ನನ್ನ ಉತ್ತರ ಒಂದೇ ಸಾಲು. ಮನೆ ಬೆಲೆ ಬಿದ್ದುಹೋಗಿತ್ತು, ಸೈಟಿನ ಬೆಲೆ ಏರಿತ್ತು. ಜಯನಗರದಲ್ಲಿ ಹಳೇ ಮನೆ ಕೊಳ್ಳುವವರು ಅಡುಗೆಮನೆ ಹೇಗಿದೆ ಅಂತ ನೋಡುತ್ತಾರಾ? ಅಳತೆ ಎಷ್ಟು, ಕಾರ್ನರ್ ಸೈಟಾ ಅಂತ ಕೇಳುತ್ತಾರೆ. ಇಲ್ಲಿ ಆಗಿದ್ದೂ ಅದೇ.

ಉದ್ದನೆಯ ಉತ್ತರ ಬೇಕು ಅನ್ನುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಇಲ್ಲಿಯವರು ಎಎಂ ಅನ್ನುವುದು ನಾವು ಮೀಡಿಯಂ ವೇವ್ ಅಂತಿದ್ದೆವಲ್ಲ, ಅದೇ. 660 ಕಿಲೋಹರ್ಟ್ಸ್ ಅಂದರೆ ಊರಿನ ರೇಡಿಯೋದಲ್ಲಿ ಭದ್ರಾವತಿ ಸಿಗುತ್ತಿದ್ದ 675ರ ಪಕ್ಕದ ಜಾಗ. ಡಯಲಿನ ಈ ತುದಿಗೆ ಬೆಲೆ ಜಾಸ್ತಿ. ಕಡಿಮೆ ನಂಬರಿನ ಅಲೆ ನೆಲ ಹಿಡಿದು ಹೆಚ್ಚು ದೂರ ಹೋಗುತ್ತದೆ. ಜೊತೆಗೆ 50,000 ವ್ಯಾಟ್ ಶಕ್ತಿ. ರಾತ್ರಿಯಾದರೆ ಅಲೆ ಮೇಲಕ್ಕೆ ಹೋಗಿ, ಆಕಾಶದ ಮೇಲಿನ ಪದರಕ್ಕೆ ಬಡಿದು, ನೂರಾರು ಮೈಲಿ ಆಚೆ ಬಂದು ಇಳಿಯುತ್ತದೆ. ರಾತ್ರಿ ಹೊತ್ತು ಸಿಲೋನ್ ಹುಡುಕಿ ಕಿವಿ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸ್ಟೇಷನ್ ಶುರು ಮಾಡಿದ್ದು ಟೆಲಿಫೋನ್ ಕಂಪನಿ, ಎಟಿ ಅಂಡ್ ಟಿ. ವರ್ಷ 1922. ಆಗ ಇದರ ಹೆಸರು ಡಬ್ಲ್ಯೂಇಎಎಫ್. ರೇಡಿಯೋ ಅನ್ನೋದೇನೋ ಬಂದುಬಿಟ್ಟಿತ್ತು, ಆದರೆ ಖರ್ಚು ಯಾರು ಕೊಡಬೇಕು ಅನ್ನುವುದು ಯಾರಿಗೂ ಬಗೆಹರಿದಿರಲಿಲ್ಲ. ರೇಡಿಯೋ ಸೆಟ್ ತಯಾರಿಸುವವರು ಸೆಟ್ ಮಾರಾಟವಾಗಲಿ ಅಂತ ಸ್ಟೇಷನ್ ನಡೆಸುತ್ತಿದ್ದರು. ದೊಡ್ಡ ಬಟ್ಟೆ ಅಂಗಡಿಗಳು, ಪತ್ರಿಕೆಗಳು ಹೆಸರಿಗಾಗಿ ನಡೆಸುತ್ತಿದ್ದವು. ನಮ್ಮಲ್ಲಾದರೆ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟುತ್ತಿದ್ದೆವು. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಪ್ರೊಫೆಸರ್ ಮನೆಯಲ್ಲೇ ಪುಟ್ಟ ಸ್ಟೇಷನ್ ಇಟ್ಟು ಕೈಯಿಂದ ಖರ್ಚು ಮಾಡಿದರು. ಟೆಲಿಫೋನ್ ಕಂಪನಿಯ ತಲೆ ಓಡಿದ್ದು ಟೆಲಿಫೋನ್ ಥರವೇ. ಬೂತ್ ನಮ್ಮದು, ಮಾತು ನಿಮ್ಮದು, ಎಷ್ಟು ಹೊತ್ತು ಮಾತಾಡುತ್ತೀರೋ ಅಷ್ಟಕ್ಕೆ ದುಡ್ಡು ಕೊಡಿ. ಕಾರ್ಯಕ್ರಮ ಮಾಡುವ ಉಸಾಬರಿಯೇ ನಮಗೆ ಬೇಡ ಅಂದುಕೊಂಡಿದ್ದರು ಪುಣ್ಯಾತ್ಮರು.

ಶುರುವಿನಲ್ಲೇ ಒಂದು ಎಡವಟ್ಟೂ ಆಯಿತು. ಡಬ್ಲ್ಯೂಬಿಎವೈ ಅಂತ ಮೊದಲು ತಮ್ಮ ಟೆಲಿಫೋನ್ ಕಟ್ಟಡದ ಮೇಲೆ ಆಂಟೆನಾ ಹಾಕಿದರು. ಆ ಕಟ್ಟಡದ ಉಕ್ಕಿನ ಚೌಕಟ್ಟೇ ಅಲೆಯನ್ನು ನುಂಗಿಹಾಕಿತು. ಕೆಲವೇ ವಾರಗಳಲ್ಲಿ ಬೇರೆ ಕಟ್ಟಡದ ಆಂಟೆನಾಕ್ಕೆ ಬದಲಾಯಿಸಿದರು. ಡಬ್ಲ್ಯೂಇಎಎಫ್ ಅನ್ನುವ ಹೆಸರು ಬಂದಿದ್ದು ಹಾಗೆ.

1922ರ ಆಗಸ್ಟ್ 28, ಸಂಜೆ ಐದು ದಾಟಿತ್ತು. ಬ್ಲ್ಯಾಕ್‌ವೆಲ್ ಅನ್ನುವವರು ಮೈಕಿನ ಮುಂದೆ ಕೂತರು. ಕ್ವೀನ್ಸ್‌ಬರೊ ಕಾರ್ಪೊರೇಷನ್ ಅನ್ನುವ ಕಂಪನಿಯ ಕಡೆಯವರು. ಸುಮಾರು ಹತ್ತು ನಿಮಿಷ, 50 ಡಾಲರ್. ರೇಡಿಯೋದಲ್ಲಿ ದುಡ್ಡು ಕೊಟ್ಟು ಹಾಕಿಸಿದ ಮೊದಲ ಜಾಹೀರಾತು ಅಂತ ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಅವರು ಮಾರಲು ಬಂದಿದ್ದು ಸೋಪಲ್ಲ, ಟೂತ್‌ಪೇಸ್ಟಲ್ಲ, ಅಪಾರ್ಟ್‌ಮೆಂಟ್! ಜಾಕ್ಸನ್ ಹೈಟ್ಸ್‌ನಲ್ಲಿ ಕಟ್ಟಿದ್ದ ಹಾಥಾರ್ನ್ ಕೋರ್ಟ್. ನ್ಯಾಥನಿಯಲ್ ಹಾಥಾರ್ನ್ ಅನ್ನುವ ಲೇಖಕರ ಹೆಸರಿಟ್ಟಿದ್ದರು. ಮೊದಲು ಆ ಲೇಖಕರ ಗುಣಗಾನ, ಆಮೇಲೆ ಊರಿನ ಇಕ್ಕಟ್ಟು ಬಿಡಿ, ಮಕ್ಕಳನ್ನು ಗಾಳಿ ಬೆಳಕು ಇರುವ ಕಡೆ ಬೆಳೆಸಿ ಅನ್ನುವ ಉಪದೇಶ. ಬಿಡದಿ ಆಚೆ ಲೇಔಟ್ ಮಾಡಿ ಪ್ಯಾಂಫ್ಲೆಟ್ ಹಂಚುವವರೂ ಇವತ್ತಿಗೂ ಇದನ್ನೇ ಹೇಳುವುದು, ಅಲ್ವಾ?

ಜಾಕ್ಸನ್ ಹೈಟ್ಸ್ ಅಂದ ಕೂಡಲೇ ಇಲ್ಲಿರುವ ಕನ್ನಡದವರು ಕಿವಿ ನೆಟ್ಟಗೆ ಮಾಡುತ್ತಾರೆ. ನಮಗೆ ಅದು 74ನೇ ಬೀದಿ. ಕರಿಬೇವು, ಹುಣಸೇಹಣ್ಣು, ಸೋನಾ ಮಸೂರಿ ಮೂಟೆ. ಮೊದಲ ಸಲ ನ್ಯೂಯಾರ್ಕಿಗೆ ಬಂದಾಗ ಚಿನ್ನದಂಗಡಿ, ಸೀರೆ ಅಂಗಡಿ ಸಾಲು ನೋಡಿ ಚಿಕ್ಕಪೇಟೆ ಅಂತ ಖುಷಿಪಟ್ಟ ಜಾಗ. ಹಾಥಾರ್ನ್ ಕೋರ್ಟ್ ಅಲ್ಲಿಂದ ಎರಡು ಮೂರು ಬೀದಿ ಅಷ್ಟೇ. ಕಟ್ಟಡ ಈಗಲೂ ನಿಂತಿದೆ, ಜನ ವಾಸವಾಗಿದ್ದಾರೆ. ನಾನು ಒಂದು ಶನಿವಾರ ಅಕ್ಕಿ ಮೂಟೆ ಕಾರಿನ ಡಿಕ್ಕಿಯಲ್ಲಿ ಹಾಕಿ, ಸುಮ್ನೆ ನೋಡಿಕೊಂಡು ಬರೋಣ ಅಂತ ನಡೆದೆ. ಇಟ್ಟಿಗೆ ಕಟ್ಟಡಗಳ ಸಾಲು, ನಡುವೆ ತೋಟ. ಬೋರ್ಡು ಗೀರ್ಡು ಏನೂ ಕಣ್ಣಿಗೆ ಬೀಳಲಿಲ್ಲ. ಒಂದು ವಿಷಯ ಮಾತ್ರ ನಮ್ಮವರಿಗೆ ಹೇಳಲೇಬೇಕು. ಆ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೆ, ಯಹೂದಿಗಳಿಗೆ ಮನೆ ಕೊಡುತ್ತಿರಲಿಲ್ಲ. ಒಳ್ಳೇ ನೆರೆಹೊರೆ ಅನ್ನುವ ಮಾತಿನ ಅರ್ಥ ಅದಾಗಿತ್ತು. ಇವತ್ತು ಆ ಬೀದಿಗಳಲ್ಲಿ ಬಂಗಾಳಿ, ನೇಪಾಳಿ, ಸ್ಪ್ಯಾನಿಷ್ ಎಲ್ಲ ಕಿವಿಗೆ ಬೀಳುತ್ತದೆ. ಬ್ಲ್ಯಾಕ್‌ವೆಲ್ ಬಂದು ನೋಡಬೇಕಿತ್ತು.

ಗಾಳಿ ಬಾಡಿಗೆ ಕೊಡುವ ಈ ಐಡಿಯಾ ಹಿಡಿದುಬಿಟ್ಟಿತು. 1923ರ ಹೊತ್ತಿಗೆ ಕಾರ್ಯಕ್ರಮಗಳ ಹೆಸರೇ ಕಂಪನಿ ಹೆಸರು. ಎವರೆಡಿ ಅವರ್ ಅಂತ ಒಂದಿತ್ತು. ಹೌದು, ನಮ್ಮ ಟಾರ್ಚಿನ ಶೆಲ್ಲಿನ ಮೇಲಿದ್ದ ಅದೇ ಎವರೆಡಿ. ಟೆಲಿಫೋನ್ ಕಂಪನಿಗೆ ಇನ್ನೊಂದು ಅನುಕೂಲವೂ ಇತ್ತು. ಊರಿಂದೂರಿಗೆ ತಂತಿ ಇವರದೇ. ಅದರ ಮೇಲೆ ಕಾರ್ಯಕ್ರಮ ಕಳಿಸಿ ಬೇರೆ ಊರಿನ ಸ್ಟೇಷನ್ನಿನಿಂದಲೂ ಕೇಳಿಸಬಹುದಿತ್ತು. ಬೇರೆಯವರು ಕೇಳಿದರೆ ಒಳ್ಳೇ ತಂತಿ ಕೊಡುತ್ತಿರಲಿಲ್ಲ.

1926ರಲ್ಲಿ ಎಟಿ ಅಂಡ್ ಟಿ ಈ ಸ್ಟೇಷನ್ನನ್ನು ರೇಡಿಯೋ ಸೆಟ್ ಮಾರುವ ಆರ್‌ಸಿಎ ಕಂಪನಿಗೆ 10 ಲಕ್ಷ ಡಾಲರ್‌ಗೆ ಮಾರಿತು. ನಾಲ್ಕು ವರ್ಷದ ಸ್ಟೇಷನ್ನಿಗೆ ಅಷ್ಟು ದುಡ್ಡು! ಆ ವರ್ಷ ನವೆಂಬರ್ 15ಕ್ಕೆ ಆರ್‌ಸಿಎಯವರ ಎನ್‌ಬಿಸಿ ಜಾಲ, ಅಂದರೆ ಒಂದೇ ಕಾರ್ಯಕ್ರಮ ಹಂಚಿಕೊಳ್ಳುವ ಊರೂರಿನ ಸ್ಟೇಷನ್‌ಗಳ ಕೂಟ, ಶುರುವಾಯಿತು. ಈ ಸ್ಟೇಷನ್ನೇ ಅದರ ತಾಯಿಬೇರು. 610ರಿಂದ 660ಕ್ಕೆ ಬಂದಿದ್ದು 1928ರಲ್ಲಿ, ಇಡೀ ದೇಶದ ಡಯಲನ್ನು ಸರ್ಕಾರ ಮತ್ತೆ ಹಂಚಿದಾಗ.

ಎನ್‌ಬಿಸಿಯ ಮೂರು ಸಲ ಗಂಟೆ ಬಾರಿಸುವ ಸದ್ದು ಕೇಳಿದ್ದೀರಾ? ಜಿ, ಇ, ಸಿ ಅನ್ನುವ ಮೂರು ಸ್ವರ. ಸಂಗೀತ ಪಾಠ ಹೇಳುವ ನಮ್ಮ ಅತ್ತಿಗೆ ಕೇಳಿದ ತಕ್ಷಣ ಹಾಡಿ ತೋರಿಸಿದರು. ಮಂದ್ರದ ಪ, ಅಲ್ಲಿಂದ ಹಾರಿ ಗ, ಇಳಿದು ಸ. ಚಂದಕ್ಕೆ ಹಾಕಿದ್ದಲ್ಲ ಅದು. ಕಾರ್ಯಕ್ರಮ ಮುಗಿಯಿತು, ಇನ್ನು ನಿಮ್ಮ ನಿಮ್ಮ ಸ್ಟೇಷನ್ ಹೆಸರು ಹೇಳಿಕೊಳ್ಳಿ ಅಂತ ಊರೂರಿನ ಸ್ಟೇಷನ್‌ಗಳಿಗೆ ಕೊಡುತ್ತಿದ್ದ ಸನ್ನೆ. ನನ್ನ ರೇಡಿಯೋದ ಸ್ಪೀಕರಿನಿಂದ ಅದೆಷ್ಟು ಸಾವಿರ ಸಲ ಬಂದಿರಬಹುದೋ.

ಮುಂದಿನ ಮೂವತ್ತು ವರ್ಷ ಬೇಗ ಹೇಳಿಬಿಡುತ್ತೇನೆ. 1946ರಲ್ಲಿ ಹೆಸರು ಡಬ್ಲ್ಯೂಎನ್‌ಬಿಸಿ ಆಯಿತು, 1954ರಲ್ಲಿ ಡಬ್ಲ್ಯೂಆರ್‌ಸಿಎ, 1960ಕ್ಕೆ ಮತ್ತೆ ಡಬ್ಲ್ಯೂಎನ್‌ಬಿಸಿ. ಟಿವಿ ಬಂದು ನಾಟಕ, ಹಾಸ್ಯ ಎಲ್ಲ ಅಲ್ಲಿಗೆ ಹೋಯಿತು. ಉಳಿದಿದ್ದು ಹಾಡು ಮತ್ತು ಹರಟೆ. ಒಮ್ಮೆ ಅದು, ಒಮ್ಮೆ ಇದು ಅಂತ ಅಂಗಡಿ ಬೋರ್ಡು ಬದಲಾಯಿಸುತ್ತಲೇ ಇದ್ದರು.

ಇವರ ದೊಡ್ಡ ಎದುರಾಳಿ 770ರಲ್ಲಿದ್ದ ಡಬ್ಲ್ಯೂಎಬಿಸಿ. ಅಲ್ಲಿ ರಾತ್ರಿ ಹಾಡು ಹಾಕುತ್ತಿದ್ದ ಬ್ರೂಸ್ ಮಾರೊ ಅವರನ್ನು ಊರೆಲ್ಲ 'ಕಸಿನ್ ಬ್ರೂಸಿ' ಅನ್ನುತ್ತಿತ್ತು. 1973ರಲ್ಲಿ ಡಬ್ಲ್ಯೂಎನ್‌ಬಿಸಿ ಗೊಗ್ಗರು ದನಿಯ ವುಲ್ಫ್‌ಮ್ಯಾನ್ ಜ್ಯಾಕ್ ಅವರನ್ನು ಕರೆಸಿ, ಬ್ರೂಸಿ ಕತೆ ಮುಗಿಯಿತು ಅಂತ ಗೋರಿಕಲ್ಲಿನ ಆಕಾರದ ಪ್ರಚಾರ ಸಾಮಾನು ಹಂಚಿತು. ಮರುವರ್ಷ ಏನಾಯಿತು ಗೊತ್ತಾ? ವುಲ್ಫ್‌ಮ್ಯಾನ್ ಹೊರಟುಹೋದರು, ಬ್ರೂಸಿಯೇ ಡಬ್ಲ್ಯೂಎನ್‌ಬಿಸಿಗೆ ಬಂದರು. ಇಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವರು 1971ರಿಂದ ಡಾನ್ ಐಮಸ್. ಅವರನ್ನು 1977ರಲ್ಲಿ ತೆಗೆದುಹಾಕಿ 1979ರಲ್ಲಿ ಮತ್ತೆ ಕರೆದರು. 1982ರಿಂದ 1985ರವರೆಗೆ ಮಧ್ಯಾಹ್ನ ಹಾವರ್ಡ್ ಸ್ಟರ್ನ್. ಬಾಯಿಗೆ ಬಂದಿದ್ದು ಆಡುವುದೇ ಅವರ ಬಂಡವಾಳ, ಅವರನ್ನೂ ಕೊನೆಗೆ ತೆಗೆದರು. ಇಂಥವರನ್ನೇ ಕರೆದು, ಇಂಥ ಮಾತು ಆಡಬೇಡಿ ಅಂದರೆ ಹೇಗೆ? ನನಗಂತೂ ಅದು ಅರ್ಥವಾಗಿಲ್ಲ.

ಅಷ್ಟರಲ್ಲಿ ಎಫ್‌ಎಂ ಬಂದು ಬಾಗಿಲಲ್ಲಿ ನಿಂತಿತ್ತು. ಎಎಂನಲ್ಲಿ ಅಲೆಯ ಎತ್ತರ ಏರಿಳಿಸಿ ದನಿ ಕಳಿಸುತ್ತಾರೆ. ಮಿಂಚು, ಮಿಕ್ಸಿ, ಟ್ಯೂಬ್‌ಲೈಟು ಏನೇ ಗರಗರ ಅಂದರೂ ಅದೂ ಎತ್ತರಕ್ಕೇ ಸೇರಿಕೊಳ್ಳುತ್ತದೆ. ಎಫ್‌ಎಂನಲ್ಲಿ ಎತ್ತರ ಹಾಗೇ ಇರುತ್ತದೆ, ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದು ಬದಲಾಗುತ್ತದೆ. ಅದಕ್ಕೇ ಆ ಗರಗರ ಒಳಗೆ ಬರುವುದಿಲ್ಲ. ಇದನ್ನು ಸಾಧಿಸಿ 1933ರಲ್ಲೇ ಪೇಟೆಂಟ್ ಪಡೆದವರು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಪ್ರಯೋಗ ಮಾಡಲು ಜಾಗ ಕೊಟ್ಟಿದ್ದು ಇದೇ ಆರ್‌ಸಿಎ. ಆಮೇಲೆ ಸಾಮಾನು ತೆಗೀರಿ ಅಂದಿದ್ದೂ ಇದೇ ಆರ್‌ಸಿಎ. ಅವರಿಗೆ ಟಿವಿ ಮುಖ್ಯವಾಗಿತ್ತು, ಎಎಂನಿಂದ ದುಡ್ಡೂ ಬರುತ್ತಿತ್ತು. ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಕೋರ್ಟಿಗೆ ಅಲೆದು ದಣಿದು, 1954ರಲ್ಲಿ ಜೀವ ಕಳೆದುಕೊಂಡರು. ಆರ್‌ಸಿಎ ದೂರ ಇಟ್ಟ ಆ ಎಫ್‌ಎಂ ಎಪ್ಪತ್ತರ ದಶಕದ ಕೊನೆಗೆ ಹಾಡು ಕೇಳುವವರನ್ನೆಲ್ಲ ಎಳೆದುಕೊಂಡಿತು. 1982ರ ಮೇ 10ಕ್ಕೆ ಡಬ್ಲ್ಯೂಎಬಿಸಿಯೇ ಹಾಡು ನಿಲ್ಲಿಸಿ ಮಾತಿಗೆ ಇಳಿಯಿತು. ಡಬ್ಲ್ಯೂಎನ್‌ಬಿಸಿ ಐಮಸ್, ಸ್ಟರ್ನ್ ಮಾತಿನ ಬಲದಲ್ಲಿ ಇನ್ನೊಂದಿಷ್ಟು ದಿನ ತಳ್ಳಿತು.

1986ರ ಅಕ್ಟೋಬರ್ 22ರ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಜೇನ್ ಡೋರ್ನ್ಯಾಕರ್ ಅಂತ, ಈ ಸ್ಟೇಷನ್ನಿಗಾಗಿ ಹೆಲಿಕಾಪ್ಟರಿನಲ್ಲಿ ಕೂತು ಟ್ರಾಫಿಕ್ ಎಲ್ಲೆಲ್ಲಿ ಜಾಮ್ ಅಂತ ಹೇಳುವವರು. ಅದೇ ವರ್ಷ ಒಮ್ಮೆ ಹೆಲಿಕಾಪ್ಟರ್ ನದಿಗೆ ಬಿದ್ದು ಈಜಿ ಪಾರಾಗಿದ್ದರು. ಮತ್ತೆ ಕೆಲಸಕ್ಕೆ ಹತ್ತಿದ್ದರು. ಆ ದಿನ ಮಾತಾಡುತ್ತಿರುವಾಗಲೇ ಹೆಲಿಕಾಪ್ಟರ್ ಹಡ್ಸನ್ ನದಿಗೆ ಬಿತ್ತು. ಅವರ ಕೊನೆಯ ಕೂಗು ನೇರವಾಗಿ ಊರಿನ ಕಿವಿಗೇ ಬಿತ್ತು. ಪೈಲಟ್ ಬದುಕಿದರು, ಜೇನ್ ಉಳಿಯಲಿಲ್ಲ.

ಅದೇ 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಆರ್‌ಸಿಎಯನ್ನು ಕೊಂಡಿತು. ಅದಕ್ಕೆ ಟಿವಿ ಬೇಕಿತ್ತು, ರೇಡಿಯೋ ಬೇಕಿರಲಿಲ್ಲ. 1988ರಲ್ಲಿ ಎನ್‌ಬಿಸಿಯ ಐದು ಸ್ಟೇಷನ್‌ಗಳನ್ನು ಒಟ್ಟಿಗೆ ಎಮಿಸ್ ಅನ್ನುವ ಕಂಪನಿ ಸುಮಾರು 12 ಕೋಟಿ ಡಾಲರ್‌ಗೆ ಹಿಡಿದುಕೊಂಡಿತು. ಈ ಎಮಿಸ್ ಆಗಲೇ 1050ರಲ್ಲಿ ಡಬ್ಲ್ಯೂಎಫ್‌ಎಎನ್ ಅಂತ ಇಪ್ಪತ್ನಾಲ್ಕು ಗಂಟೆಯೂ ಬರೀ ಕ್ರೀಡೆ ಮಾತಾಡುವ ಸ್ಟೇಷನ್ ಇಟ್ಟಿತ್ತು, 1987ರ ಜುಲೈ 1ರಿಂದ. 1050ಕ್ಕೆ 660ರಷ್ಟು ಕೈ ಉದ್ದ ಇಲ್ಲ. ಒಂದು ಊರಿನಲ್ಲಿ ಒಬ್ಬರಿಗೆ ಒಂದೇ ಎಎಂ ಅನ್ನುವ ಆಗಿನ ಕಾನೂನು ಬೇರೆ. ಅಂದ ಮೇಲೆ ಲೆಕ್ಕ ಸುಲಭ. 1050 ಮಾರು, 660ಕ್ಕೆ ಕ್ರೀಡೆ ತಗೊಂಡು ಬಾ. ಅಲ್ಲಿದ್ದವರ ಸಾಮಾನು ಹೊರಗೆ ಇಡು. ಹಳೇ ಮನೆಯಿಂದ ಉಳಿಸಿಕೊಂಡಿದ್ದು ಐಮಸ್ ಅವರನ್ನು. ಒಡೆಯುವ ಮನೆಯ ತೇಗದ ಬಾಗಿಲು ಎತ್ತಿಟ್ಟುಕೊಳ್ಳುತ್ತಾರಲ್ಲ, ಹಾಗೆ.

ಅಕ್ಟೋಬರ್ 7, 1988, ಸಂಜೆ ಐದೂವರೆ. ಆಲನ್ ಕೋಮ್ಸ್ ಅನ್ನುವವರು ಕೊನೆಯ ಕ್ಷಣಗಳನ್ನು ಎಣಿಸಿದರು. ಸೊನ್ನೆಗೆ ಬಂದಾಗ ಡಬ್ಲ್ಯೂಎನ್‌ಬಿಸಿ ಇರಲಿಲ್ಲ. ಶುರುವಾಗಿ 66 ವರ್ಷ, ಡಯಲಿನಲ್ಲೂ 66. ಇದನ್ನು ನಾನು ಜೋಡಿಸಿದ್ದಲ್ಲ, ತಾನಾಗೇ ಕೂಡಿಬಂದಿದ್ದು.

ಹಾಗಾಗಿ ಲಾಸಾ ಅಂದರೆ, ಬರೀ ಲಾಸ್ ಅಲ್ಲ. ಆ ಜಾಗ ಅಷ್ಟು ಒಳ್ಳೆಯದಲ್ಲದಿದ್ದರೆ ಯಾರೂ ಕಣ್ಣು ಹಾಕುತ್ತಿರಲಿಲ್ಲ, ಅದು ತೆವಳಿಕೊಂಡು ಇನ್ನಷ್ಟು ವರ್ಷ ಇರುತ್ತಿತ್ತೇನೋ. ಗಾಳಿಯಲ್ಲಿ ಜಾಗ ಬಾಡಿಗೆಗೆ ಕೊಡಬಹುದು ಅಂತ ಕಂಡುಹಿಡಿದ ಸ್ಟೇಷನ್ನಿನ ಜಾಗವನ್ನೇ ಇನ್ನೊಬ್ಬರು ಕೊಂಡರು.

ಡಬ್ಲ್ಯೂಎಫ್‌ಎಎನ್ ಈಗಲೂ 660ರಲ್ಲೇ ಇದೆ. ನನ್ನ ರೇಡಿಯೋ ಬಿಸಿಯಾಗಲು ಅರ್ಧ ನಿಮಿಷ ಬೇಕು, ಆಮೇಲೆ ಕೆಂಪು ಚುಕ್ಕೆಯ ಮೇಲೆ ಮುಳ್ಳು ನಿಂತರೆ ಯಾಂಕೀಸ್ ಬೇಸ್‌ಬಾಲ್ ತಂಡದ ಬಗ್ಗೆ ಯಾರೋ ಜಗಳ ಆಡುತ್ತಿರುತ್ತಾರೆ.

ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಚಿಕ್ಕಪ್ಪ ಬಂದಿದ್ದರು. ಚುಕ್ಕೆ ನೋಡಿ ಕೇಳಿದರು. ಎರಡು ಲೋಟ ಕಾಫಿ ಮುಗಿಯುವವರೆಗೆ ಇಷ್ಟೂ ಕತೆ ಹೇಳಿದೆ. ಅವರು ಒಂದು ಮಾತೂ ಆಡದೆ ಕೇಳಿದರು. ಮುಗಿದ ಮೇಲೆ ಲೋಟ ಕೆಳಗಿಟ್ಟು ಅಂದರು:

"ಅದು ಸರಿ ಕಣೋ. ಆ ಜಾಕ್ಸನ್ ಹೈಟ್ಸ್ ಅಪಾರ್ಟ್‌ಮೆಂಟು ಈಗ ಎಷ್ಟಕ್ಕೆ ಹೋಗುತ್ತೆ?"