ಹಳೇ ಕ್ರೊವಾಟರ ಜಾಡು ಹಿಡಿದು: ಸ್ಪ್ಲಿಟ್, ಕ್ಲಿಸ್, ಕ್ನಿನ್, ನಿನ್

ಕ್ರೊವೇಷಿಯಾ ಅಂದ ಕೂಡಲೇ ನೆನಪಾಗೋದು ಡುಬ್ರೊವ್ನಿಕ್ ಕೋಟೆ, ನೀಲಿ ಸಮುದ್ರ, ಇಲ್ಲಾ ವಿಶ್ವಕಪ್ ಫುಟ್‌ಬಾಲ್. ಪ್ಯಾಕೇಜ್ ಟೂರುಗಳೂ ಹೆಚ್ಚುಕಮ್ಮಿ ಅಷ್ಟಕ್ಕೇ ಮುಗಿಯುತ್ತವೆ. ನಾವು ಹೋಗಿದ್ದು ಬೇರೆ ಆಸೆಗೆ. ಬೈಜಾಂಟಿಯಂ (ಪೂರ್ವದ ರೋಮನ್ ಸಾಮ್ರಾಜ್ಯ), ಪಶ್ಚಿಮ ಯುರೋಪ್ ಆಳುತ್ತಿದ್ದ ಫ್ರಾಂಕರು, ವೆನಿಸ್, ಬಲ್ಗೇರಿಯಾ, ರೋಮಿನ ಪೋಪ್ ಇಷ್ಟು ದೊಡ್ಡವರ ನಡುವೆ ಸಿಕ್ಕಿಕೊಂಡ ಕ್ರೊವಾಟರೆಂಬ ಒಂದು ಸಣ್ಣ ಜನ 9 ಮತ್ತು 10ನೇ ಶತಮಾನದಲ್ಲಿ ತಮ್ಮದೇ ರಾಜ್ಯ ಕಟ್ಟಿಕೊಂಡರು. ಅದು ಹೇಗಾಯಿತು ಅಂತ ಆ ಜಾಗಗಳಲ್ಲೇ ನಿಂತು ನೋಡಬೇಕಿತ್ತು. ಇದೇ ಆಸೆ ಇರುವವರು ಡುಬ್ರೊವ್ನಿಕ್ ಬಿಟ್ಟುಬಿಡಿ. ನಿಮ್ಮ ದಾರಿ ಸ್ಪ್ಲಿಟ್‌ನಿಂದ ಉತ್ತರಕ್ಕೆ ಜಾದರ್ ಕಡೆಗೆ ಹೋಗುತ್ತದೆ.

ಮೊದಲೇ ಒಂದು ಮಾತು. ಊರುಗಳನ್ನು ನೋಡುವ ಮೊದಲು ಸ್ಪ್ಲಿಟ್‌ನಲ್ಲಿರುವ ಕ್ರೊವೇಷಿಯನ್ ಪುರಾತತ್ವ ಸ್ಮಾರಕಗಳ ಮ್ಯೂಸಿಯಂ ನೋಡಿ. ಹಳೇ ಊರಿನಿಂದ ಪಶ್ಚಿಮಕ್ಕೆ ನಡೆದೇ ಹೋಗಬಹುದು. ಯಾಕೆ ಮೊದಲು ಅಂತೀನಿ ಅಂದರೆ, ಆ ಕಾಲದ ಚರ್ಚುಗಳಲ್ಲಿ ಬಹಳಷ್ಟು ಈಗ ಮೊಣಕಾಲೆತ್ತರದ ಗೋಡೆಗಳು ಅಷ್ಟೇ. ಅಲ್ಲಿದ್ದ ಕೆತ್ತನೆ ಕಲ್ಲುಗಳು, ಶಾಸನಗಳು ಎಲ್ಲ ಇಲ್ಲಿಗೆ ಬಂದಿವೆ. ಲುಯೋ ಮರುನ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಹಳ್ಳಿ ಹಳ್ಳಿ ಸುತ್ತಿ ಕಲ್ಲು ಕೂಡಿಹಾಕಿ 1893ರಲ್ಲಿ ಕ್ನಿನ್‌ನಲ್ಲಿ ಶುರುಮಾಡಿದ ಮ್ಯೂಸಿಯಂ ಇದು. ಆಮೇಲೆ ಸ್ಪ್ಲಿಟ್‌ಗೆ ಬಂತು. ಕಲ್ಲು ನೋಡದೆ ಬಯಲಿಗೆ ಹೋದರೆ ಬರೀ ಹುಲ್ಲು ಕಾಣುತ್ತದೆ.

ಒಳಗೆ ಎರಡು ಕಲ್ಲುಗಳ ಮುಂದೆ ಸಾವಕಾಶವಾಗಿ ನಿಲ್ಲಿ. ಒಂದು, ಆರು ಮೂಲೆಯ ಅಮೃತಶಿಲೆಯ ದೀಕ್ಷಾಸ್ನಾನದ ತೊಟ್ಟಿ. ಅಂಚಿನ ಸುತ್ತ ಲ್ಯಾಟಿನ್ ಅಕ್ಷರಗಳಿವೆ. ಅದರಲ್ಲಿ ದೊರೆ ವಿಶೆಸ್ಲಾವ್‌ನ ಹೆಸರು ಬರುತ್ತದೆ. ಸುಮಾರು 800ನೇ ಇಸವಿಯದು, ನಿನ್ ಊರಿನದು ಅಂತ ಹೇಳುತ್ತಾರೆ. ಬಹಳ ಕಾಲ ವೆನಿಸ್‌ನಲ್ಲಿತ್ತು, 1940ರ ದಶಕದಲ್ಲಿ ವಾಪಸ್ ಬಂತು. ಇನ್ನೊಂದು, ಬೆಂಕೊವಾಟ್ಸ್ ಹತ್ತಿರದ ಶೊಪೊಟ್‌ನಲ್ಲಿ ಸಿಕ್ಕ ತುಂಡು ಕಲ್ಲು. ಚರ್ಚಿನ ಬಲಿಪೀಠದ ಮುಂದಿನ ತಡೆಯ ಭಾಗ. ಮೇಲೆ ಅಲೆಯಂತೆ ಕೊಕ್ಕೆ ಕೊಕ್ಕೆ ಕೆತ್ತನೆ, ಕೆಳಗೆ ಸಾಲು ತುಂಬ ಅಕ್ಷರ. 9ನೇ ಶತಮಾನದ ದೊರೆ ಬ್ರಾನಿಮಿರ್‌ನ ಹೆಸರು, ಜೊತೆಗೆ 'ಕ್ರೊವಾಟರ ದೊರೆ' ಅನ್ನೋ ಬಿರುದು. ಪೇಪರಿನಲ್ಲಿ ಓದಿದಾಗ ಏನೂ ಅನ್ನಿಸಿರಲಿಲ್ಲ. ಉಳಿಯ ಗುರುತು ಬೆರಳಳತೆಯಲ್ಲಿ ಕಂಡಾಗ ಬೇರೆಯೇ ಅನ್ನಿಸಿತು. ಮ್ಯೂಸಿಯಂಗಳ ರಜಾ ದಿನ ಊರಿಂದೂರಿಗೆ ಬದಲಾಗುತ್ತದೆ, ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ. ಹಿಂದಿನ ದಿನವೇ ಸಮಯ ನೋಡಿಟ್ಟುಕೊಳ್ಳಿ.

ಕಥೆ ಚುಟುಕಾಗಿ ಹೀಗೆ. 7ನೇ ಶತಮಾನದಲ್ಲಿ ಅವಾರರೆಂಬ ಅಲೆಮಾರಿ ಕುದುರೆ ಸವಾರರು, ಸ್ಲಾವರು ನುಗ್ಗಿ ಬಂದಾಗ ರೋಮನ್ನರ ದೊಡ್ಡ ಪಟ್ಟಣ ಸಲೋನಾ ಬಿತ್ತು. ಅಲ್ಲಿನವರು ಓಡಿಹೋಗಿ ಡಯೋಕ್ಲೀಷಿಯನ್ ಚಕ್ರವರ್ತಿ ಕಟ್ಟಿಸಿದ್ದ ಅರಮನೆಯೊಳಗೆ ಸೇರಿಕೊಂಡರು. ಇವತ್ತಿನ ಸ್ಪ್ಲಿಟ್ ಅದೇ. ಕ್ರೊವಾಟರು ಐದು ಜನ ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರ ಹಿಂದೆ ಬಂದು ಅವಾರರನ್ನು ಸೋಲಿಸಿದರು ಅಂತ 10ನೇ ಶತಮಾನದ ಬೈಜಾಂಟೈನ್ ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್ ಬರೆದಿಟ್ಟಿದ್ದಾನೆ. ನಡೆದದ್ದು ಮುನ್ನೂರು ವರ್ಷ ಹಿಂದೆ, ಬರೆದದ್ದು ಆಮೇಲೆ. ಹಾಗಾಗಿ ಇದನ್ನು ಮನೆತನದ ಕಥೆ ಅಂತ ಕೇಳಿ, ಲೆಕ್ಕಪತ್ರ ಅಂತಲ್ಲ. ಇದೇ ಚಕ್ರವರ್ತಿ ಕ್ರೊವಾಟರಲ್ಲಿ 60,000 ಕುದುರೆ ಸವಾರರು, 1,00,000 ಕಾಲಾಳುಗಳಿದ್ದರು ಅಂತಲೂ ಹೇಳುತ್ತಾನೆ. ಇತಿಹಾಸಕಾರರು ಅದನ್ನು ನಂಬೋದು ಕಷ್ಟ ಅಂತಾರೆ. ಗೈಡುಗಳು ಮಾತ್ರ ಈ ಅಂಕಿಯನ್ನು ಬಹಳ ಖುಷಿಯಿಂದ ಹೇಳುತ್ತಾರೆ!

ಎರಡನೇ ದಿನ ಕ್ಲಿಸ್ ಕೋಟೆ. ಸ್ಪ್ಲಿಟ್‌ನಿಂದ ಸಿಟಿ ಬಸ್ಸಿದೆ. ಬೆಳಿಗ್ಗೆ ಬೇಗ ಹತ್ತಿ, ಮೇಲೆ ನೆರಳು ಕಡಿಮೆ, ಕಲ್ಲು ಕಾಯುತ್ತದೆ, ಮೆಟ್ಟಿಲು ಸವೆದು ನುಣ್ಣಗಾಗಿದೆ. ಹಿಡಿತ ಇರುವ ಶೂ ಬೇಕು, ಚಪ್ಪಲಿ ಬೇಡ. ಈಗ ಕಾಣುವ ಗೋಡೆಗಳು ಹೆಚ್ಚಾಗಿ ತುರ್ಕರ, ವೆನಿಸಿನವರ ಕಾಲದವು. 9ನೇ ಶತಮಾನದ ದೊರೆಗಳ ಬೀಡು ಇಲ್ಲಿತ್ತು ಅನ್ನೋದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಜಾಸ್ತಿ ಏನಿಲ್ಲ. ಆದರೂ ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಕಾರಣ ಮೇಲೆ ನಿಂತರೆ ಗೊತ್ತಾಗುತ್ತದೆ. ಎಡಕ್ಕೆ ಮೊಸೊರ್ ಬೆಟ್ಟ, ಬಲಕ್ಕೆ ಕೊಜ್ಯಾಕ್ ಬೆಟ್ಟ, ನಡುವಿನ ಕಣಿವೆ ಬಾಯಲ್ಲಿ ಈ ಬಂಡೆ. ಮುಂದೆ ಕೆಳಗೆ ಸಲೋನಾದ ಬಯಲು, ಸ್ಪ್ಲಿಟ್, ಆಚೆ ಸಮುದ್ರ, ದ್ವೀಪಗಳು. ಬೆನ್ನ ಹಿಂದೆ ಒಳನಾಡಿಗೆ ಹೋಗುವ ದಾರಿ. 812ರಲ್ಲಿ ಆಖೆನ್‌ನಲ್ಲಿ ಫ್ರಾಂಕರ ಚಾರ್ಲ್‌ಮೇನ್ ಮತ್ತು ಬೈಜಾಂಟಿಯಂ ಒಪ್ಪಂದ ಮಾಡಿಕೊಂಡವು. ಕರಾವಳಿಯ ಸ್ಪ್ಲಿಟ್, ಟ್ರೊಗಿರ್, ಜಾದರ್ ಪಟ್ಟಣಗಳು, ದ್ವೀಪಗಳು ಬೈಜಾಂಟಿಯಂಗೆ. ಒಳನಾಡಿನ ಕ್ರೊವಾಟರು ಫ್ರಾಂಕರ ಕೈಕೆಳಗೆ. ಆ ಗಡಿ ಈ ಗೋಡೆಯ ಮೇಲಿಂದ ಬರಿಗಣ್ಣಿಗೆ ಕಾಣುತ್ತದೆ. ಕೆಳಗಿನ ಕೋಟೆಯೊಳಗೆ ಲ್ಯಾಟಿನ್ ಮಾತಾಡುವ ಹಳೇ ರೋಮನ್ನರು, ಮೇಲೆ ಇವರು. ಕೆಳಗಿನವರಿಗೆ ಹೊಲ, ನೀರು, ದಾರಿ ಎಲ್ಲ ಬೇಕು. ಅದೆಲ್ಲ ಇರೋದು ಮೇಲಿನವರ ಕೈಯಲ್ಲಿ. ದೂರದ ಚಕ್ರವರ್ತಿಗಳು ನಕ್ಷೆಯಲ್ಲಿ ಗೆರೆ ಎಳೆದರು, ದಿನನಿತ್ಯದ ವ್ಯವಹಾರ ಮಾಡಿಕೊಂಡವರು ಇವರಿಬ್ಬರೇ.

ದೊರೆ ತ್ರಪಿಮಿರ್ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದ. 852ರ ಅವನ ದಾನಪತ್ರ ನೋಡಿ. ಇಟಲಿಯಲ್ಲಿ ಫ್ರಾಂಕರ ರಾಜ ಲೋಥಾರ್ ಆಳುತ್ತಿದ್ದಾಗ ಅಂತ ಶುರುವಾಗುತ್ತದೆ. ತನ್ನನ್ನು ಮಾತ್ರ ದೇವರ ಕೃಪೆಯಿಂದ ಕ್ರೊವಾಟರ ದೊರೆ ಅಂತ ಕರೆದುಕೊಳ್ಳುತ್ತಾನೆ. ದಾನ ಕೊಡೋದು ಬೈಜಾಂಟಿಯಂಗೆ ಸೇರಿದ ಸ್ಪ್ಲಿಟ್‌ನ ಚರ್ಚಿಗೆ! ಒಂದೇ ಹಾಳೆಯಲ್ಲಿ ಮೂರು ಕಡೆಗೂ ಮುಖ. ಮೂಲ ಪತ್ರ ಉಳಿದಿಲ್ಲ, ಬಹಳ ಆಮೇಲಿನ ನಕಲು ಉಳಿದಿದೆ. ಅದನ್ನು ಹೊರಡಿಸಿದ ಬಿಯಾಚಿ ಇರೋದು ಸ್ಪ್ಲಿಟ್ ವಿಮಾನ ನಿಲ್ದಾಣದ ಹತ್ತಿರವೇ. ಅಲ್ಲೂ ಚರ್ಚಿನ ತಳಪಾಯ ಬಿಟ್ಟರೆ ಏನಿಲ್ಲ. ವಿಮಾನಕ್ಕೆ ಟೈಮ್ ಮಿಕ್ಕರೆ ನೋಡಬಹುದು, ಅದಕ್ಕಂತಲೇ ಹೋಗಬೇಡಿ.

ಕ್ಲಿಸ್‌ನಿಂದ ಇಳಿದು ಬರುವಾಗ ಸೊಲಿನ್‌ನಲ್ಲಿ ಅರ್ಧ ದಿನ ಇಟ್ಟುಕೊಳ್ಳಿ. ಸಲೋನಾದ ರೋಮನ್ ಅವಶೇಷಗಳಿಗೆ ಟಿಕೆಟ್ ಇದೆ, ಎಲ್ಲರೂ ಅದನ್ನು ನೋಡಿ ಹೋಗಿಬಿಡುತ್ತಾರೆ. ನೀವು ಯಾದ್ರೊ ನದಿಯ ದಂಡೆಗೆ ಬನ್ನಿ. ನದಿ ನಡುವಿನ ಪುಟ್ಟ ದ್ವೀಪದಲ್ಲಿ 1898ರಲ್ಲಿ ಪುರಾತತ್ವಜ್ಞ ಫ್ರಾನೆ ಬುಲಿಚ್ ಅಗೆದಾಗ 976ರಲ್ಲಿ ತೀರಿಕೊಂಡ ಕ್ರೊವಾಟರ ರಾಣಿ ಯೆಲೆನಾಳ ಸಮಾಧಿ ಶಾಸನ ಚೂರುಚೂರಾಗಿ ಸಿಕ್ಕಿತು. ರಾಜಮನೆತನದಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೋದು ಆ ಚೂರುಗಳಿಂದ ತಿಳಿಯಿತು. ಅದೇ ನದಿಯ ಹತ್ತಿರ 'ಟೊಳ್ಳು ಚರ್ಚ್' ಅಂತ ಕರೆಯುವ ಇನ್ನೊಂದು ತಳಪಾಯ ಇದೆ. ಪೋಪ್ ಏಳನೇ ಗ್ರೆಗರಿಯ ಪ್ರತಿನಿಧಿ 11ನೇ ಶತಮಾನದ ಕ್ರೊವಾಟ್ ರಾಜ ಜ್ವೊನಿಮಿರ್‌ಗೆ ಕಿರೀಟ ಇಟ್ಟಿದ್ದು ಅಲ್ಲೇ. ನಮ್ಮ ಜೊತೆಗಿದ್ದ ಚಿಕ್ಕಪ್ಪ ಸುತ್ತ ಒಂದು ಸಲ ನೋಡಿ "ಇಷ್ಟೇನಾ?" ಅಂದರು. ಇಷ್ಟೇ. ಮ್ಯೂಸಿಯಂ ನೋಡಿ ಬಂದಿದ್ದಕ್ಕೆ ಆಮೇಲೆ ಅವರೇ ಅಲ್ಲಿ ಕೂತು ಕಲ್ಲು ಎಲ್ಲೆಲ್ಲಿ ಇತ್ತು ಅಂತ ಲೆಕ್ಕ ಹಾಕಿದರು.

ಸ್ಪ್ಲಿಟ್‌ನ ಚಿನ್ನದ ಬಾಗಿಲ ಹೊರಗೆ ಬಿಷಪ್ ಗ್ರಗುರ್‌ನ ಭಾರೀ ಕಂಚಿನ ಪ್ರತಿಮೆ ಇದೆ, ಇವಾನ್ ಮೆಶ್ತ್ರೊವಿಚ್ ಮಾಡಿದ್ದು. ಕಾಲ್ಬೆರಳು ಮುಟ್ಟಿದರೆ ಒಳ್ಳೇದು ಅಂತ ಎಲ್ಲರೂ ಸಾಲು ನಿಂತು ಮುಟ್ಟಿ ಮುಟ್ಟಿ ಅದೊಂದೇ ಬೆರಳು ಬಂಗಾರದ ಹಾಗೆ ಹೊಳೆಯುತ್ತದೆ. ಮುಟ್ಟೋದು ಸರಿ, ಅವನ ಕಥೆಯೂ ಗೊತ್ತಿರಲಿ. ಇವನು ನಿನ್ ಊರಿನ ಬಿಷಪ್. ಒಳನಾಡಿನ ಕ್ರೊವಾಟರ ಚರ್ಚು ಯಾರ ಕೈಯಲ್ಲಿರಬೇಕು ಅನ್ನೋ ಜಗಳದಲ್ಲಿ ಸ್ಪ್ಲಿಟ್‌ನ ಆರ್ಚ್‌ಬಿಷಪ್ ಎದುರು ನಿಂತು ಸೋತ. 925ರ ಸಭೆ ಸ್ಪ್ಲಿಟ್‌ನ ಪರ ಹೋಯಿತು, 928ರಲ್ಲಿ ನಿನ್ ಬಿಷಪ್ ಗದ್ದುಗೆಯನ್ನೇ ತೆಗೆದುಹಾಕಿದರು. ಗೆದ್ದ ಊರಲ್ಲೇ ಸೋತವನ ಪ್ರತಿಮೆ, ವಿಚಿತ್ರ ಅಲ್ವಾ? ಅದೇ 925ರ ಪೋಪ್ ಪತ್ರದಲ್ಲಿ ಕ್ರೊವಾಟರನ್ನು ಆಳುತ್ತಿದ್ದ ತೊಮಿಸ್ಲಾವ್‌ನನ್ನು 'ರಾಜ' ಅಂತ ಕರೆದಿದೆ. ಮುಂದೆ ಬಲ್ಗೇರಿಯಾದ ದೊರೆ ಸಿಮಿಯೋನ್ ಕಳಿಸಿದ ಸೈನ್ಯವನ್ನು ಕ್ರೊವಾಟರು ಬೆಟ್ಟಗಳಲ್ಲಿ ಹೊಡೆದು ಹಾಕಿದರು.

ತೊಮಿಸ್ಲಾವ್‌ಗೆ ದುವ್ನೊ ಬಯಲಿನಲ್ಲಿ ಪಟ್ಟಾಭಿಷೇಕ ಆಯಿತು ಅನ್ನೋ ದಂತಕಥೆ ನಂಬಿ ತೊಮಿಸ್ಲಾವ್‌ಗ್ರಾದ್‌ಗೆ ಹೋಗುವ ಆಸೆ ಆದರೆ ಹುಷಾರು. ಅದು ಬೋಸ್ನಿಯಾದಲ್ಲಿದೆ. ಕ್ರೊವೇಷಿಯಾ 2023ರ ಜನವರಿಯಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ, ಬೋಸ್ನಿಯಾ ಇಲ್ಲ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಅದು ಒಂದೇ ಸಲ ಒಳಬರುವ ವೀಸಾ ಆಗಿದ್ದರೆ ಗಡಿ ದಾಟಿದ ಮೇಲೆ ವಾಪಸ್ ಬಿಡುವುದಿಲ್ಲ. ಅರ್ಜಿ ಹಾಕುವಾಗಲೇ ಹಲವು ಪ್ರವೇಶದ್ದು ಕೇಳಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ದುಬೈ ಅಥವಾ ಯುರೋಪಿನ ದೊಡ್ಡ ನಿಲ್ದಾಣ ಒಂದರಲ್ಲಿ ಬದಲಿಸಬೇಕು. ದುಡ್ಡು ಈಗ ಯೂರೋ. ಊರಿಂದೂರಿಗೆ ಹೋಗುವ ಬಸ್ಸಿನಲ್ಲಿ ಕೆಳಗಿಡುವ ಬ್ಯಾಗಿಗೆ ಬೇರೆ ಕಾಸು ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.

ಕಾರು ಸ್ಪ್ಲಿಟ್‌ನಲ್ಲಿ ಬೇಡ, ನಿಲ್ಲಿಸಲು ಜಾಗ ಸಿಗದೆ ಒದ್ದಾಡುತ್ತೀರಿ. ಕ್ನಿನ್ ಕಡೆ ಹೊರಡುವ ದಿನ ಬಾಡಿಗೆಗೆ ತೊಗೊಳ್ಳಿ. ಗಾಡಿ ಬಲಗಡೆ ಓಡಿಸಬೇಕು. ಊರಲ್ಲಿರುವಾಗಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಕ್ನಿನ್‌ಗೆ ರೈಲು, ಬಸ್ ಎರಡೂ ಇವೆ. ಆದರೆ ಅಲ್ಲಿಂದ ಆಚೆಯ ಜಾಗಗಳಿಗೆ ಬಸ್ ನಂಬಿಕೊಂಡರೆ ದಿನ ಹಾಳು. ಬಿಸ್ಕುಪಿಯಾ ಹಳ್ಳಿಯಲ್ಲಿ ಮರುನ್ ಅಗೆದ ಚರ್ಚುಗಳಿವೆ. ಇಡೀ ಒಳನಾಡಿನಲ್ಲಿ ನನಗೆ ಹಿಡಿಸಿದ್ದು ಮಾತ್ರ ವರ್ಲಿಕಾ ಹತ್ತಿರ ಸೆಟಿನಾ ನದಿ ಹುಟ್ಟುವಲ್ಲಿರುವ ಸ್ವೇತಿ ಸ್ಪಾಸ್. ಬ್ರಾನಿಮಿರ್ ಕಾಲದ ಚರ್ಚು. ಚಾವಣಿ ಇಲ್ಲ, ಗಂಟೆಗೋಪುರ ಈಗಲೂ ನಿಂತಿದೆ, ಸುತ್ತ ಹಳೇ ಸಮಾಧಿಗಳು. ಅಂತೂ ಇಲ್ಲಿ ಗೋಡೆಗೆ ಕೈ ಇಟ್ಟು ಮೇಲೆ ನೋಡಬಹುದು! ನದಿ ಹುಟ್ಟುವ ಕಡುನೀಲಿ ಕೊಳ ಅಲ್ಲೇ ಹತ್ತಿರ, ನೂರು ಮೀಟರಿಗೂ ಹೆಚ್ಚು ಆಳ. ಈಜೋಕೆ ಇಳಿಯಬೇಡಿ, ನೀರು ಮಂಜುಗಡ್ಡೆ. ಆಗಸ್ಟ್ 5ರ ಆಸುಪಾಸು ಕ್ನಿನ್ ಬೇಡ. ಯುಗೊಸ್ಲಾವಿಯಾ ಒಡೆದಾಗ ಕ್ರೊವಾಟರಿಗೂ ಸರ್ಬರಿಗೂ ನಡೆದ ಯುದ್ಧದ 1995ರ ವಿಜಯ ದಿನಾಚರಣೆಗೆ ಊರೆಲ್ಲ ತುಂಬಿರುತ್ತದೆ. ಆ ಯುದ್ಧದ ನೋವು ಇಲ್ಲಿ ಇನ್ನೂ ಹಸಿಯಾಗಿದೆ, ಯಾರು ಯಾವ ಕಡೆ ಅಂತ ಕೇಳಲು ಹೋಗಬೇಡಿ.

ಸ್ವೇತಿ ಸ್ಪಾಸ್ ಕಾಲದ ಆ ಬ್ರಾನಿಮಿರ್ ಗದ್ದುಗೆಗೆ ಬಂದ ಕಥೆ ಹೀಗಿದೆ. 878ರಲ್ಲಿ ಬೈಜಾಂಟಿಯಂ ಬೆಂಬಲದಿಂದ ಜ್ದೆಸ್ಲಾವ್ ದೊರೆಯಾದ. ಮರುವರ್ಷವೇ ಅವನನ್ನು ಕೊಂದು ಬ್ರಾನಿಮಿರ್ ಬಂದ. ಬಂದವನೇ ಪೋಪ್ ಎಂಟನೇ ಜಾನ್‌ಗೆ ಪತ್ರ ಬರೆದ. ಪೋಪ್ ಆಶೀರ್ವಾದ ಕಳಿಸಿದ. ವೆನಿಸ್‌ಗೂ ಬಿಸಿ ಮುಟ್ಟಿತು. 887ರಲ್ಲಿ ನೆರೆಯ ನೆರೆತ್ವಾ ಸ್ಲಾವರು ಮಕಾರ್ಸ್ಕಾ ಹತ್ತಿರ ವೆನಿಸಿನ ದೊರೆ ಪಿಯೆತ್ರೊ ಕಾಂದಿಯಾನೊನನ್ನೇ ಕೊಂದರು. ಆಮೇಲೆ ಈ ಕರಾವಳಿಯಲ್ಲಿ ಹಡಗು ಓಡಿಸಲು ವೆನಿಸ್ ಸುಮಾರು ನೂರು ವರ್ಷ ಕಪ್ಪ ಕಟ್ಟಿತು. 1000ನೇ ಇಸವಿಯಲ್ಲಿ ಎರಡನೇ ಪಿಯೆತ್ರೊ ಒರ್ಸೆಯೊಲೊ ಹಡಗುಪಡೆ ತಂದ ಮೇಲೆ ಆಟ ಬದಲಾಯಿತು.

ಊಟದ ವಿಷಯ. ಸಸ್ಯಾಹಾರಿಗಳು ಕರಾವಳಿಯ ಹೋಟೆಲುಗಳಲ್ಲಿ ಮೆನು ನೋಡಿ ಹೆದರಬೇಡಿ. ಮೀನಿನ ಜೊತೆ ಪಕ್ಕದಲ್ಲಿ ಕೊಡುವ ಬ್ಲಿತ್ವಾ ಅನ್ನೋ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ ಪಲ್ಯವನ್ನೇ ಬೇರೆಯಾಗಿ ಕೇಳಿ, ಕೊಡುತ್ತಾರೆ. ಸ್ಪ್ಲಿಟ್‌ನ ಸಂತೆಯಲ್ಲಿ ಸೊಪಾರ್ನಿಕ್ ಹುಡುಕಿ. ತೆಳ್ಳಗೆ ಲಟ್ಟಿಸಿದ ಎರಡು ಹಾಳೆಗಳ ನಡುವೆ ಅದೇ ಸೊಪ್ಪು, ಈರುಳ್ಳಿ ಹರಡಿ, ಒಲೆಯ ಮೇಲೆ ಕೆಂಡ ಬೂದಿಯಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ, ಆಲಿವ್ ಎಣ್ಣೆ ಸವರಿರುತ್ತಾರೆ. ಮೊಟ್ಟೆ, ಹಾಲು ಏನೂ ಇಲ್ಲ. ಚಿಕ್ಕಪ್ಪ ಮೂರು ಹೊತ್ತೂ ಅದನ್ನೇ ತಿಂದರು.

ಜಾದರ್‌ನಲ್ಲಿ ಎಲ್ಲರೂ ಸಮುದ್ರದ ಅಲೆಯಿಂದ ಸದ್ದು ಮಾಡುವ ಮೆಟ್ಟಿಲ ಮೇಲೆ ಕೂರುತ್ತಾರೆ, ಕೂರಿ. ಆದರೆ ಮೊದಲು ಸ್ವೇತಿ ದೊನಾತ್, 9ನೇ ಶತಮಾನದ ದುಂಡನೆಯ ಚರ್ಚು. ಅದರ ಬುಡ ಬಗ್ಗಿ ನೋಡಿ. ರೋಮನ್ ಕಂಬದ ತುಂಡುಗಳನ್ನು ಅಡ್ಡ ಮಲಗಿಸಿ ಪಾಯ ಹಾಕಿದ್ದಾರೆ. ಪಕ್ಕದ ಮ್ಯೂಸಿಯಂ ಕೂಡ ಬಿಡಬೇಡಿ. ಅಲ್ಲಿಂದ ನಿನ್‌ಗೆ ಬಸ್ಸಿನಲ್ಲಿ ಅರ್ಧ ಗಂಟೆಯ ಆಸುಪಾಸು. ನಿನ್ ಒಂದು ಪುಟ್ಟ ದ್ವೀಪ, ಎರಡು ಗಂಟೆ ಸಾಕು. ಬಿಳೀ ಪುಟ್ಟ ಸ್ವೇತಿ ಕ್ರಿಜ್ ಚರ್ಚು, ಮ್ಯೂಸಿಯಂನಲ್ಲಿ ಸಮುದ್ರದಿಂದ ಎತ್ತಿದ ಎರಡು ಮರದ ದೋಣಿಗಳು. ಕಾನ್‌ಸ್ಟಂಟೈನ್ ಹೇಳಿದ 'ಕೊಂಡುರಾ' ಇವೇ ಅಂತಾರೆ, ಉದ್ದ ಸುಮಾರು 8 ಮೀಟರ್. ಇಷ್ಟು ಸಣ್ಣ ದೋಣಿಗಳನ್ನು ನೋಡಿದ ಮೇಲೆ ಆ ಚಕ್ರವರ್ತಿಯ 60,000 ಕುದುರೆಗಳ ಲೆಕ್ಕ ಇನ್ನಷ್ಟು ಅನುಮಾನ ಹುಟ್ಟಿಸುತ್ತದೆ.

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳು. ಚಳಿಗಾಲದಲ್ಲಿ ಬೂರಾ ಅನ್ನೋ ಗಾಳಿ ಬೆಟ್ಟದಿಂದ ಇಳಿದರೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಕ್ರ್ಕ್ ದ್ವೀಪದ ಬಾಷ್ಕಾ ಶಾಸನ (ಹಳೇ ಕ್ರೊವೇಷಿಯನ್ ಭಾಷೆಯ ಕಲ್ಬರಹ) ನೋಡುವ ಆಸೆ ಇದ್ದವರಿಗೆ ಒಂದು ಸೂಚನೆ: ಮೂಲ ಕಲ್ಲು ಜಾಗ್ರೆಬ್‌ನಲ್ಲಿದೆ, ದ್ವೀಪದ ಚರ್ಚಿನಲ್ಲಿರೋದು ನಕಲು. ಜಾದರ್‌ನಿಂದ ಸ್ಪ್ಲಿಟ್ ಕಡೆ ವಾಪಸ್ ಬರುವ ದಾರಿಯಲ್ಲಿ ಬಿಯೊಗ್ರಾದ್ ಸಿಗುತ್ತದೆ. 1102ರಲ್ಲಿ ಹಂಗೇರಿಯ ಕೊಲೊಮಾನ್ ಅಲ್ಲಿ ಕ್ರೊವೇಷಿಯಾದ ಕಿರೀಟವನ್ನೂ ಹಾಕಿಕೊಂಡ. ಆಮೇಲೆ 1918ರವರೆಗೂ ಎರಡು ರಾಜ್ಯಗಳಿಗೂ ಒಂದೇ ಕಿರೀಟ. ಊರನ್ನು ವೆನಿಸಿನವರು 1125ರಲ್ಲಿ ನೆಲಸಮ ಮಾಡಿದರು, ಆ ಕಾಲದ್ದು ನೋಡೋಕೆ ಹೆಚ್ಚೇನೂ ಉಳಿದಿಲ್ಲ. ಸಮುದ್ರದಲ್ಲಿ ಈಜೋ ಆಸೆ ಇದ್ದರೆ ಇಳಿಯಿರಿ, ಇಲ್ಲದಿದ್ದರೆ ಬಸ್ಸಿನಲ್ಲೇ ಕೂತಿರಿ.