ಹೋಸ್ ಸುತ್ತೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ

ಅಗ್ನಿಶಾಮಕ ತರಬೇತಿಗೆ ಸೇರಿ ಮೂರು ವಾರ ಆಯಿತು. ಇನ್ನೂ ಒಂದು ಬೆಂಕಿಯನ್ನೂ ಆರಿಸಿಲ್ಲ. ಬೆಳಗ್ಗೆ ಎದ್ದರೆ ಓಟ, ಆಮೇಲೆ ಹೋಸ್ ಪೈಪು, ಮತ್ತೆ ಹೋಸ್ ಪೈಪು.

ಒಂದು ಪೈಪು 15 ಮೀಟರ್ ಉದ್ದ, 63 ಮಿಲಿಮೀಟರ್ ದಪ್ಪ. ಖಾಲಿ ಇದ್ದಾಗ ಸುಮ್ನೆ ಹೆಗಲ ಮೇಲೆ ಹಾಕಿಕೊಂಡು ಓಡಬಹುದು, ಆದರೆ ನೀರು ತುಂಬಿತೋ, ಒಳಗೆ ಸುಮಾರು 45 ಲೀಟರ್ ಕೂತುಬಿಡುತ್ತದೆ, ಆಮೇಲೆ ಅದನ್ನು ಎಳೆಯೋದು ಅಂದರೆ ಹಟ ಹಿಡಿದ ಎಮ್ಮೆಯನ್ನು ಎಳೆದ ಹಾಗೆ. ಮೊದಲ ದಿನ ಬ್ರಾಂಚ್, ಅಂದರೆ ಪೈಪಿನ ತುದಿಯಲ್ಲಿ ನೀರು ಚಿಮ್ಮುವ ನಳಿಕೆ, ಹಿಡಿದವನು ನಾನೇ. ನೀರು ಬಂದ ರಭಸಕ್ಕೆ ಹಿಂದಕ್ಕೆ ಬಿದ್ದೆ. ಹಿಂದೆ ಒಬ್ಬ ಒತ್ತಿಕೊಂಡು ನಿಲ್ಲಬೇಕು ಅಂತ ಯಾಕೆ ಹೇಳುತ್ತಾರೆ ಅಂತ ಆಗ ಗೊತ್ತಾಯಿತು!

ಸುತ್ತೋದಕ್ಕೂ ಒಂದು ಲೆಕ್ಕ ಇದೆ. ಅರ್ಧಕ್ಕೆ ಮಡಚಿ ಸುತ್ತಬೇಕು, ಎರಡೂ ತುದಿಯ ಕಪ್ಲಿಂಗ್ (ಪೈಪು ಜೋಡಿಸುವ ಕೊಂಡಿ) ಹೊರಗಡೆಯೇ ಉಳಿಯಬೇಕು, ಎಸೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ನನ್ನದು ಇನ್ನೂ ಚಕ್ಕುಲಿ ಥರ ಆಗುತ್ತಿದೆ.

ಹೊಗೆ ಕೋಣೆ ಮಾತ್ರ ತಮಾಷೆ ಅಲ್ಲ. ಏನೂ ಕಾಣಲ್ಲ. ನೆಲಕ್ಕೆ ಅಂಟಿಕೊಂಡು, ಗೋಡೆ ಮುಟ್ಟುತ್ತಾ ತೆವಳಬೇಕು, ಯಾಕೆಂದರೆ ಬಿಸಿ ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ಕೆಳಗೇ ಇರುತ್ತದೆ.

ಅಮ್ಮ ದಿನಾ ಫೋನ್ ಮಾಡಿ, 'ಬೆಂಕಿ ಹತ್ರ ಹೋಗಬೇಡ ಕಣೋ' ಅನ್ನುತ್ತಾಳೆ. ಏನು ಹೇಳಲಿ?